ತಿರುಗಿ ಕೊಡಬಾರದ ಗಡಿಗೆ

ನಾನು ಕಷಾಯ ಕುದಿಸುವ ಗಡಿಗೆ. ಮೈ ಕಪ್ಪು, ಹಿಡಿಕೆ ಮೋಟು, ಮೂತಿ ಸ್ವಲ್ಪ ಸೊಟ್ಟ. ಚೀನಾದ ಒಬ್ಬ ಕುಂಬಾರನ ತಿಗರಿಯ ಮೇಲೆ ಹುಟ್ಟಿದೆ. ಹಲ್ಲಿನ ವೈದ್ಯನೊಬ್ಬನ ಹೊಸ ಹೆಂಡತಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ, ಹಡಗು ಹತ್ತಿಸಿ ಹುಬ್ಬಳ್ಳಿಗೆ ತಂದಳು. ಅವಳ ಸೊಸೆಯೇ ಯಿಂಗಮ್ಮ. ಅವರಿಗೀಗ ಎಂಬತ್ತು. ಅವರ ಮನೆಯ ಮೂರು ತಲೆಮಾರಿನ ಕೆಮ್ಮು, ಅಜೀರ್ಣವೆಲ್ಲ ನನಗೆ ಗೊತ್ತು.

ಪಕ್ಕದ ಮನೆಯವರು ಟೇಲರ್ ಈರಣ್ಣ. ಊರವರ ಸೊಂಟ ಅಳೆಯುವ ಈರಣ್ಣನವರ ಸ್ವಂತ ಪ್ಯಾಂಟಿನಲ್ಲಿ ಇನ್ನು ಬಿಚ್ಚಿ ಬಿಡಲು ಬಟ್ಟೆ ಉಳಿದಿರಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು, ಲಿವರ್ ತುಂಬ ಕೊಬ್ಬಿದೆ, ಹೀಗೇ ಬಿಟ್ಟರೆ ಅದು ಗಟ್ಟಿಯಾಗಿ ಕೆಟ್ಟುಹೋಗುತ್ತದೆ ಎಂದರು. ಅವರ ಅಪ್ಪ ಐವತ್ತಕ್ಕೇ ಹೋದದ್ದೂ ಲಿವರ್ ಕೆಟ್ಟೇ. ಈರಣ್ಣನವರಿಗೆ ನಲವತ್ತೆಂಟು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್.

ಸುದ್ದಿ ತಿಳಿದ ಯಿಂಗಮ್ಮ ನನ್ನನ್ನೇ ಎತ್ತಿ ಅವರ ಕೈಗಿಟ್ಟರು. ಜೊತೆಗೆ ಒಣಗಿದ ತಾವರೆ ಎಲೆ, ಕಿತ್ತಳೆ ಸಿಪ್ಪೆ, ಯಾವುದೋ ಹುಳಿ ಹಣ್ಣಿನ ಕೆಂಪು ಬಿಲ್ಲೆಗಳು.

"ಮೊದ್ಲ ಇದನ್ನ ಡಾಕ್ಟರಿಗೆ ತೋರಿಸು, ಅವರು ಹೂಂ ಅಂದಮ್ಯಾಲ ಕುಡಿ. ದಿನಾ ಉಣಕಲ್ ಕೆರಿ ಸುತ್ತು. ಕಷಾಯ ಕುಡದು ಮಿರ್ಚಿ ತಿಂದ್ರ ನನ್ನ ಗಡಿಗಿ ಮರ್ಯಾದಿ ಹೋಗ್ತೈತಿ."

ನನ್ನ ಮರ್ಯಾದೆಯ ಪ್ರಶ್ನೆ! ಡಾಕ್ಟರು ಹೂಂ ಎಂದ ಮರುವಾರದಿಂದ ಉತ್ಸಾಹದಿಂದ ಕುದಿದೆ. ಮನೆಯೆಲ್ಲ ನಾರಿ, ಈರಣ್ಣನವರ ಹೆಂಡತಿ ನೀಲವ್ವ ಮೂಗಿಗೆ ಸೆರಗು ಹಿಡಿದರು. ಹದಿನೈದು ದಿನಕ್ಕೊಮ್ಮೆ ಗಂಡನ ಹೊಟ್ಟೆಗೆ ಟೇಪು ಸುತ್ತುವವರೂ ಅವರೇ. ಟೇಪು ಎರಡು ಬೆರಳು ಒಳಗೆ ಬಂದ ದಿನ ನನ್ನ ಮುಚ್ಚಳ ತಾನಾಗಿ ಕುಣಿಯಿತು.

ಸ್ಕ್ಯಾನಿನ ದಿನ ಒಲೆಯ ಮೇಲಿದ್ದರೂ ನನಗೆ ಮೈ ತಣ್ಣಗಾಗಿತ್ತು. ಮೂರು ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದ ಈರಣ್ಣ ಅಂದು ಓಡುತ್ತಲೇ ಒಳಗೆ ಬಂದರು.

"ನೀಲಾ, ಕೊಬ್ಬು ಭಾಳ ಇಳದೈತಂತ."

ಡಾಕ್ಟರು ಕೆರೆಯ ಸುತ್ತಾಟವನ್ನು ಹೊಗಳಿದರಂತೆ. ನೀಲವ್ವ, ತಾವು ಮಿರ್ಚಿ ಕರಿಯುವ ಬಾಣಲೆ ಬಚ್ಚಿಟ್ಟದ್ದರಿಂದ ಎಂದರು. ಈರಣ್ಣ ನನಗೆ ಕೈಮುಗಿದರು. ಯಾರಿಂದ ಆಯಿತೋ ನಾನರಿಯೆ, ಕೈಮುಗಿದದ್ದನ್ನು ಮಾತ್ರ ಬೇಡವೆನ್ನಲಿಲ್ಲ.

ಇನ್ನು ನಾನು ಮನೆಗೆ! ನೀಲವ್ವ ನನ್ನನ್ನು ತಿಕ್ಕಿ ತೊಳೆದರು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಬೇಸನ್ ಉಂಡಿ ತುಂಬಿ ಈರಣ್ಣನವರ ಕೈಯಲ್ಲಿ ಕಳಿಸಿದರು. ಯಿಂಗಮ್ಮನ ಹೊಸ್ತಿಲು ಕಂಡಾಗ ನನಗೆ ಸಂಭ್ರಮ ತಡೆಯಲಾಗಲಿಲ್ಲ. ಅವರು ನನ್ನನ್ನು ನೋಡಿದ್ದೇ ತಡ, ಅರ್ಧ ಬಾಗಿಲು ಮುಚ್ಚಿದರು.

ಈರಣ್ಣನವರ ಮುಖ ಸಣ್ಣದಾಯಿತು. "ಏನ್ ತಪ್ಪಾತ್ರಿ ಅಮ್ಮಾರ?"

"ಔಷಧದ ಗಡಿಗಿ ತಿರುಗಿ ಕೊಡಬಾರದೋ. ಜಡ್ಡು ಅದರ ಜೋಡಿ ಮನಿ ಹೊಗ್ತೈತಿ. ನನಗ ಜಡ್ಡಾದಾಗ ನಾನ ಬಂದು ಒಯ್ತೀನಿ." ಬಾಗಿಲ ಸಂದಿಯಿಂದ ಒಂದು ತಟ್ಟೆ ಹೊರಬಂತು. "ಉಂಡಿ ಇದರಾಗ ಹಾಕು."

ನನಗೆ ಅಳು ಬಂತು.

ಅದಾಗಿ ನಾಲ್ಕು ವರ್ಷ. ಈರಣ್ಣನವರ ಮನೆ ಮುಂದಿನ ಟೇಲರ್ ಅಂಗಡಿಯ ಕಿಟಕಿಯಲ್ಲಿ, ಹೊಟ್ಟೆ ತುಂಬ ಗುಂಡಿ ಹಾಕಿಸಿಕೊಂಡು ಕೂತಿದ್ದೇನೆ. ಬೆಳಗಾದರೆ ಪಕ್ಕದಲ್ಲಿ ಯಿಂಗಮ್ಮ ತಮ್ಮ ಬಾಗಿಲಿಗೆ ಬರುತ್ತಾರೆ. ಮೊದಮೊದಲು, ಇಂದಾದರೂ ಕರೆದೊಯ್ಯಲಿ ಎಂದು ಹಂಬಲಿಸುತ್ತಿದ್ದೆ. ಈಗ ಅವರು ಹೊಸ್ತಿಲು ದಾಟಿದರೆ ಎದೆ ಡವಗುಟ್ಟುತ್ತದೆ. ಅವರು ಗಿಡಗಳಿಗೆ ನೀರು ಹಾಕಿ, ನನ್ನ ಕಡೆ ಒಮ್ಮೆ ನೋಡಿ, ಬರಿಗೈಯಲ್ಲಿ ಒಳಗೆ ಹೋಗುತ್ತಾರೆ.

ಇವತ್ತೂ ನನ್ನನ್ನು ಒಯ್ಯಲು ಬರಲಿಲ್ಲ. ನನಗೆಷ್ಟು ಖುಷಿ!