ಎದೆಲ್ಮಿರಾ ಹಂಚಿದ ಫನೆಸ್ಕಾ

ಪವಿತ್ರ ವಾರ ಬಂತೆಂದರೆ ಆ ಬೀದಿಯವರ ಪ್ರೀತಿ ಬಟ್ಟಲಲ್ಲಿ ಓಡಾಡುತ್ತದೆ. ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಹೆಸರಿಗೆ ಹನ್ನೆರಡು ಬಗೆಯ ಕಾಳು, ಜೊತೆಗೆ ಕುಂಬಳ, ಹಾಲು, ಒಣಮೀನು ಹಾಕಿ ಕುದಿಸಿದ ಫನೆಸ್ಕಾವನ್ನು ಮನೆಮನೆಗೂ ಕಳಿಸಬೇಕು. ವರ್ಷವೆಲ್ಲ ಮುಖ ಸಿಂಡರಿಸಿಕೊಂಡಿದ್ದವರೂ ಅಂದು ಬಟ್ಟಲು ಹಿಡಿದು ಹಲ್ಲು ಕಿರಿಯುತ್ತಾರೆ. ಎದೆಲ್ಮಿರಾಳ ಮನೆಗೂ ಗುರುವಾರ ಮಧ್ಯಾಹ್ನದೊಳಗೆ ಒಂಬತ್ತು ಬಟ್ಟಲು ಬಂದವು. ಒಂದನ್ನೂ ಅವಳು ಮುಟ್ಟಲಿಲ್ಲ.

ಐದು ತಿಂಗಳ ಹಿಂದೆ ಈ ಒಂಬತ್ತು ಮನೆಯವರೇ ಸೇರಿ ಅವಳ ಒಬ್ಬನೇ ಮಗ ಎದ್ವಿನನನ್ನು ದೀಪದ ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಅವನು ಗ್ಯಾಸ್ ಸಿಲಿಂಡರ್ ಕದ್ದದ್ದು ನಿಜ. ಅವಳು ಯಾವತ್ತೂ ಇಲ್ಲವೆಂದವಳಲ್ಲ. ಮೂರನೆಯ ದಿನ ಅವನು ಸತ್ತ. ಪೊಲೀಸರು ಬಂದು ಕೇಳಿದಾಗ ಬೀದಿಗೆ ಬೀದಿಯೇ ಕುರುಡಾಗಿತ್ತು. ಹೆಣದ ಮುಂದೆ ಅತ್ತವರೂ ಅವರೇ, ಅತ್ತವರಿಗೆ ಕಾಫಿ ಕಾಸಿದವರೂ ಅವರೇ. ಎದೆಲ್ಮಿರಾ ಕಾಯುತ್ತಿದ್ದದ್ದು ಒಂದೇ ಮಾತಿಗೆ. ತಪ್ಪಾಯಿತು ಎಂದು ಅವರಲ್ಲಿ ಯಾರಾದರೂ ಒಬ್ಬರು ಹೇಳಬೇಕಿತ್ತು. ಅದಿಲ್ಲದೆ ಸತ್ತ ಮಗ ಬರೀ ಕಳ್ಳನಾಗಿಯೇ ಉಳಿದಿದ್ದ.

ಸಂಜೆ ಸೆಗುಂದೊ ಬಂದ. ಜ್ಞಾನಸ್ನಾನದ ದಿನ ಎದ್ವಿನನನ್ನು ಎತ್ತಿಕೊಂಡು ನಿಂತವನು, ಆ ನಂಟಿನಿಂದ ಅವಳನ್ನು ಕೊಮಾದ್ರೆ ಎಂದು ಕರೆಯುವವನು, ಅವಳಿಂದ ಕೊಂಪಾದ್ರೆ ಎನಿಸಿಕೊಳ್ಳುವವನು. ಕಳ್ಳ ಸಿಕ್ಕನೆಂದು ಜನರನ್ನು ಕೂಡಿಸಲು ಬೀದಿಯ ಸೈರನ್ ಒತ್ತಿದವನೂ ಅವನೇ. ಅಂದಿನ ಬಲಿಪೂಜೆಯಲ್ಲಿ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಕಾಲು ತೊಳೆದ ಹನ್ನೆರಡು ಮಂದಿಯಲ್ಲಿ ಅವನಿಗೂ ಜಾಗ ಸಿಕ್ಕಿತ್ತು. ಅದಕ್ಕೆಂದು ಮನೆಯಲ್ಲೇ ಸೋಪು ಹಚ್ಚಿ ತಿಕ್ಕಿ ತೊಳೆದುಕೊಂಡು ಹೋಗಿದ್ದ. ಒಬ್ಬರನ್ನೊಬ್ಬರು ಪ್ರೀತಿಸಿ ಎಂಬ ಮಾತನ್ನು ಫಾದರ್ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರೆಂದು ವರ್ಣಿಸಿದ. ಆಮೇಲೆ ಮುಟ್ಟದ ಬಟ್ಟಲುಗಳ ಕಡೆ ನೋಡಿದ.

“ಇನ್ನೂ ಎಷ್ಟು ದಿನ ಅಂತ ಮನಸ್ಸಲ್ಲಿ ಇಟ್ಕೊಂಡಿರ್ತೀರಿ, ಕೊಮಾದ್ರೆ? ನಾವೆಲ್ಲ ಎದ್ವಿನನ್ನ ಕ್ಷಮಿಸಿಬಿಟ್ಟಿದ್ದೀವಿ.”

ಕೊಂದವರು ದೊಡ್ಡ ಮನಸ್ಸು ಮಾಡಿ ಸತ್ತವನನ್ನು ಕ್ಷಮಿಸಿದ್ದರು.

“ಶತ್ರೂನೂ ಪ್ರೀತಿಸು ಅಂದಿದಾನೆ ಯೇಸು. ನೋಡೋಣ, ಪ್ರಯತ್ನ ಮಾಡ್ತೀನಿ,” ಎಂದಳು. “ಆದ್ರೆ ಮೊದ್ಲು ನೀವು ಶತ್ರು ಅಂತ ಒಪ್ಕೋಬೇಕಲ್ಲ, ಕೊಂಪಾದ್ರೆ. ನೀವು ನೋಡಿದ್ರೆ ನೆಂಟರಾಗೇ ಬರ್ತೀರಿ.”

ಅವನು ಸಾರು ಕೆಟ್ಟುಹೋಗುತ್ತದೆ, ಉಣ್ಣಿ ಎಂದು ಉಪಚಾರ ಹೇಳಿ ಎದ್ದು ಹೋದ.

ಬಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಅವರ ಸಾರನ್ನು ಚರ್ಚಿನ ಮೆಟ್ಟಿಲ ಮೇಲಿದ್ದ ಭಿಕ್ಷುಕರಿಗೆ ಕೊಟ್ಟು, ಶುಕ್ರವಾರ ಬೆಳಿಗ್ಗೆ ಎದೆಲ್ಮಿರಾ ತಾನೇ ಒಲೆ ಹಚ್ಚಿದಳು. ನೆನೆದ ಕಾಳುಗಳ ಸಿಪ್ಪೆಯನ್ನು ಒಂದೊಂದಾಗಿ ಸುಲಿಯುತ್ತ ಒಂದೊಂದು ಮನೆಯವರ ಹೆಸರು ಹೇಳಿಕೊಂಡಳು. ಹಾಗಾದರೂ ಪ್ರೀತಿ ಬರುತ್ತದೇನೋ ಎಂದು ನೋಡಿದಳು. ಬರಲಿಲ್ಲ. ಆದರೆ ಅಡುಗೆಯಲ್ಲಿ ಒಂದಿಷ್ಟೂ ಕೈ ತಪ್ಪಲಿಲ್ಲ. ಮೇಲೆ ಬೇಯಿಸಿದ ಮೊಟ್ಟೆ, ಕರಿದ ಬಾಳೆಕಾಯಿ ಇಟ್ಟು, ಒಂಬತ್ತು ಮನೆಗೂ ತಾನೇ ಒಯ್ದು ಕೊಟ್ಟಳು. ಎಲ್ಲರೂ ಎರಡೂ ಕೈಯಲ್ಲಿ ಇಸಿದುಕೊಂಡರು, ಘಮವನ್ನು ಹೊಗಳಿದರು. ಯಾರೂ ಅವಳ ಮುಖ ನೋಡಲಿಲ್ಲ.

ಕೊನೆಯ ಮನೆಗೆ ಕೊಟ್ಟು ಹಿತ್ತಲ ಓಣಿಯಿಂದ ಬರುವಾಗ ಮೊದಲ ಮನೆಯ ಚರಂಡಿಯಲ್ಲಿ ತನ್ನ ಕಾಳುಗಳನ್ನು ಕಂಡಳು. ಎರಡನೆಯ ಮನೆಯ ಹಿಂದೆಯೂ ಅದೇ. ಮುಂದೆ ಸೆಗುಂದೊನ ಹೆಂಡತಿ ಲುಸ್ಮಿಲಾ ತನ್ನ ಹಿತ್ತಲಲ್ಲಿ ಗುಂಡಿ ತೋಡಿ, ಸಾರನ್ನೆಲ್ಲ ಅದಕ್ಕೆ ಸುರಿದು, ಅದರತ್ತ ನುಗ್ಗುತ್ತಿದ್ದ ಕೋಳಿಗಳನ್ನು ಕಾಲಿನಿಂದ ಓಡಿಸುತ್ತ ಅವಸರವಸರವಾಗಿ ಮಣ್ಣು ಮುಚ್ಚುತ್ತಿದ್ದಳು. ಎದೆಲ್ಮಿರಾ ಗೋಡೆಯಾಚೆ ನಿಂತದ್ದನ್ನು ಕಂಡು ಲುಸ್ಮಿಲಾ ಸಲಿಕೆ ನಿಲ್ಲಿಸಿದಳು.

“ಅದರಲ್ಲಿ ಏನೂ ಹಾಕಿರ್ಲಿಲ್ಲ, ಕೊಮಾದ್ರೆ,” ಎಂದಳು ಎದೆಲ್ಮಿರಾ. “ಆದ್ರೆ ಹಾಕೋಕೆ ನಂಗೆ ಕಾರಣ ಇದೆ ಅಂತ ನಿಮಗೆಲ್ಲ ಗೊತ್ತಿತ್ತಲ್ಲ. ಅಷ್ಟು ಸಾಕು ನಂಗೆ.”