ಕುಲ್ಸುಮಬಿ ಹೂಂ ಅಂದಳು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದ ಅಬ್ದುಲರಜಾಕನಿಗೆ ಒಂದು ಚಟವಿತ್ತು. ಯಾವುದಾದರೂ ದುಬಾರಿ ಸಾಮಾನು ಕೊಳ್ಳುತ್ತೇನೆಂದು ಪೇಟೆಯೆಲ್ಲ ಸಾರುವುದು, ಆಮೇಲೆ ಹೆಂಡತಿಯನ್ನು ಮುಂದೆ ಮಾಡಿ ತಾನು ಹಿಂದೆ ಸರಿಯುವುದು. ಕಲರ್ ಟೀವಿಯ ವಿಷಯದಲ್ಲಿ ಹಾಗಾಯಿತು, ಫ್ರಿಜ್ಜಿನ ವಿಷಯದಲ್ಲೂ ಹಾಗೇ ಆಯಿತು. "ನಾ ಏನೋ ತಯಾರಿದ್ದೆ ನೋಡ್ರಿ. ಮನ್ಯಾಗ ಒಲ್ಲೆ ಅಂದ್ರು" ಎಂದು ಗಾದಿಗೆ ಒರಗಿ ನಿಟ್ಟುಸಿರು ಬಿಡುತ್ತಿದ್ದ. ದೊಡ್ಡಸ್ತಿಕೆ ಅವನಿಗೆ ಸಿಗುತ್ತಿತ್ತು, ಜಿಪುಣಿ ಎಂಬ ಹೆಸರು ಕುಲ್ಸುಮಬಿಗೆ. ಕುಲ್ಸುಮಬಿಯೂ ಕೇಳಿದಾಗಲೆಲ್ಲ ತಪ್ಪದೆ "ಬ್ಯಾಡ" ಅನ್ನುತ್ತಿದ್ದುದರಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಎಂಬತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಸಾಮ್ರಾಟ ಕಾರಿನ ಸುದ್ದಿ ಬಂತು. ಪರದೇಶದ ಎಂಜಿನ್ನು, ಒಳಗೆ ಏಸಿ, ಗುಂಡಿ ಒತ್ತಿದರೆ ಏರಿಳಿಯುವ ಕಿಟಕಿಯ ಗಾಜು. ಮಂತ್ರಿಗಳಿಗೆ, ಸಿನೆಮಾದವರಿಗೆ ಎಂದು ಮಾಡಿದ ಕಾರನ್ನು ಮಂತ್ರಿಗಳೂ ಕೊಳ್ಳಲಿಲ್ಲ, ಸಿನೆಮಾದವರೂ ಮುಟ್ಟಲಿಲ್ಲ. ಕಂಪನಿ ಇವತ್ತೋ ನಾಳೆಯೋ ಬಾಗಿಲು ಹಾಕುತ್ತದೆ, ಉಳಿದ ಗಾಡಿಗಳನ್ನು ಅರ್ಧ ಬೆಲೆಗೆ ಬಿಡುತ್ತಿದ್ದಾರೆ ಎಂದು ಪೇಪರಿನಲ್ಲಿ ಓದಿದ ಅಬ್ದುಲರಜಾಕ ಅಂಗಡಿಯ ಕಟ್ಟೆಯ ಮೇಲೆ ನಿಂತು, "ರಾಣೆಬೆನ್ನೂರಾಗ ಒಂದು ನಿಂತೈತಂತ. ನಾ ತಗೊಳಾವ" ಎಂದುಬಿಟ್ಟ.

ಮೋಟೆಬೆನ್ನೂರಿನ ಹೊಳಿಯಪ್ಪ ಮಾಲು ತಂದು ಅಲ್ಲೇ ಕೂತಿದ್ದ. "ಸಾಬ್ರ, ಕಂಪನೀನ ಮುಳಗಾಕತ್ತೈತಿ."

"ರೇಟ್ ಬಿದ್ದಾಗ ತಗೊಂಡಾವನ ಖರೇ ವ್ಯಾಪಾರಿ, ಹೊಳಿಯಪ್ಪ."

"ಮೆಣಸಿನಕಾಯಿ ರೇಟ್ ಬಿದ್ರ ಮುಂದಿನ ವರ್ಷ ಏರತೈತಿ. ಕಂಪನಿ ಬಿದ್ರ ಯಾವ ವರ್ಷ ಏರತೈತ್ರಿ?"

ಸುತ್ತಲಿನವರು ನಕ್ಕರು. ನಕ್ಕಿದ್ದರಿಂದ ಅಬ್ದುಲರಜಾಕನ ಹಟ ಹೆಚ್ಚಿತು. ಮರುದಿನ ಕುಲ್ಸುಮಬಿಯನ್ನು ಜೀಪಿನಲ್ಲಿ ಕೂರಿಸಿಕೊಂಡು, ಸಾಕ್ಷಿಗಿರಲಿ ಎಂದು ಹೊಳಿಯಪ್ಪನನ್ನೂ ಕರೆದುಕೊಂಡು ರಾಣೆಬೆನ್ನೂರಿಗೆ ಹೊರಟ. ಒಳಗೊಳಗೆ ಅವನಿಗೆ ನಿಶ್ಚಿಂತೆ. ಇವಳು ಬೇಡ ಅನ್ನುತ್ತಾಳೆ, ಊಟದ ಹೊತ್ತಿಗೆ ವಾಪಸು.

ಶೋರೂಮಿನ ಭರಮಣ್ಣ ಕಾರುಗಳನ್ನು ಮಾರುತ್ತೇನೆಂದು ಶುರುಮಾಡಿ ಈಗ ಹತ್ತಿ ಬೀಜ ಮಾರುತ್ತಿದ್ದ. ಬೀಜದ ಚೀಲಗಳ ಗೋಡೆಯ ನಡುವೆ, ಕಪ್ಪಗೆ ಹೊಳೆಯುತ್ತ, ಒಂದೇ ಒಂದು ಸಾಮ್ರಾಟ ನಿಂತಿತ್ತು. ಭರಮಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಅದರ ಮೂತಿ ಒರೆಸುತ್ತಿದ್ದ.

"ಬರ್ರಿ ಸಾವಕಾರ್ರ, ಕುಂದ್ರಿ. ನಾ ಖರೇ ಹೇಳ್ತೇನಿ, ಇದನ್ನ ತಗೋಬ್ಯಾಡ್ರಿ."

ಅಬ್ದುಲರಜಾಕನಿಗೆ ಖುಷಿಯಾಯಿತು. "ಯಾಕ್ರಿ?"

"ಸ್ಪೇರ್ ಪಾರ್ಟ್ ಸಿಗೂದಿಲ್ಲ. ಎಣ್ಣಿ ನೀರು ಕುಡದಾಂಗ ಕುಡಿತೈತಿ. ಮತ್ತ..." ಭರಮಣ್ಣ ದನಿ ತಗ್ಗಿಸಿದ. "ಇದು ಹೋದ್ರ ಇನ್ನೊಂದು ಬರೂದಿಲ್ರಿ. ದಿನಾ ಮುಂಜಾನೆ ಬಂದು ಇದರಾಗ ಕುಂತು ಚಾ ಕುಡಿತೇನಿ ನಾನು."

"ಕೇಳಿದ್ಯಾ?" ಎಂದು ಅಬ್ದುಲರಜಾಕ ಹೆಂಡತಿಯ ಕಡೆ ತಿರುಗಿದ.

"ಕೇಳಿದೆ. ಒಂದ್ಸಲ ಕುಂತ ನೋಡೂಣು" ಅಂದಳು ಕುಲ್ಸುಮಬಿ.

ಹಾವೇರಿ ರಸ್ತೆಗೆ ಹೊರಟರು. ಭರಮಣ್ಣ ನಡೆಸುತ್ತಿದ್ದ, ಪಕ್ಕದಲ್ಲಿ ಅಬ್ದುಲರಜಾಕ, ಹಿಂದೆ ಕುಲ್ಸುಮಬಿ ಮತ್ತು ಹೊಳಿಯಪ್ಪ. ಹೊಳಿಯಪ್ಪ ಬೀಗರಿಗೆಂದು ತಂದಿದ್ದ ಮೆಣಸಿನಕಾಯಿ ಗಂಟನ್ನು ಜೀಪಿನಲ್ಲಿ ಬಿಟ್ಟರೆ ಯಾರಾದರೂ ಒಯ್ದಾರೆಂದು ಹೆದರಿ ಕಾರಿನೊಳಗೆ ತಂದಿದ್ದ. ಹೊಸ ಸೀಟಿಗೆ ಧೂಳಾಗಬಾರದೆಂದು ಕಾಲ ಕೆಳಗಿಟ್ಟು, ಅಲ್ಲಾಡದಿರಲಿ ಎಂದು ಎರಡೂ ಕಾಲು ಅದರ ಮೇಲೆ ಊರಿದ್ದ.

ಭರಮಣ್ಣ ಏಸಿ ಹಾಕಿದ. ಗುಂಡಿ ಒತ್ತಿ ಗಾಜುಗಳನ್ನು ಏರಿಸಿದ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಮುಚ್ಚಿದ ಕಾರಿನಲ್ಲಿ ಅದರೊಡನೆ ಕೂತವರಲ್ಲ. ಮೊದಲು ಹೊಳಿಯಪ್ಪ ಸೀನಿದ. ಸೀನಿದ ರಭಸಕ್ಕೆ ಅವನ ಕಾಲು ಗಂಟನ್ನು ಇನ್ನಷ್ಟು ಪುಡಿಮಾಡಿತು. ಆಮೇಲೆ ಕುಲ್ಸುಮಬಿ, ಆಮೇಲೆ ಅಬ್ದುಲರಜಾಕ. ತಂಪು ಗಾಳಿ ಆ ಧೂಳನ್ನು ಯಾರಿಗೂ ಕಡಿಮೆಯಾಗದಂತೆ ಸುತ್ತಿ ಸುತ್ತಿ ಹಂಚತೊಡಗಿತು.

"ಗಾಜ ಇಳಸ್ರೋ!" ಹೊಳಿಯಪ್ಪ ಒದರಿದ.

ಭರಮಣ್ಣ ಗುಂಡಿ ಒತ್ತಿದ. ಗಾಜು ಜಗ್ಗಲಿಲ್ಲ. ಇನ್ನೊಂದು ಒತ್ತಿದ. ವೈಪರು ಆಡತೊಡಗಿತು. ಮಗದೊಂದು ಒತ್ತಿ, ಸೀನಿ, ಕಣ್ಣು ಮುಚ್ಚಿಕೊಂಡೇ ಬ್ರೇಕು ತುಳಿದ. ನಾಲ್ಕೂ ಬಾಗಿಲು ಒಮ್ಮೆಲೇ ತೆರೆದು ನಾಲ್ವರೂ ರಸ್ತೆಯ ಬದಿಗೆ ಬಿದ್ದರು. ಎದುರಿನಿಂದ ಬಂದ ಬಸ್ಸಿನವರು, ಇಂಥ ಕಾರಿನವರು ಹೀಗೆ ಅಳುತ್ತಿದ್ದಾರೆಂದರೆ ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಬಸ್ಸು ನಿಧಾನ ಮಾಡಿ ಕೈಮುಗಿದು ಹೋದರು.

ಅಬ್ದುಲರಜಾಕ ಮೂಗು ಒರೆಸಿಕೊಂಡು, ಗೆದ್ದವನ ಧಾಟಿಯಲ್ಲಿ ಕೇಳಿದ. "ಈಗ ಹೇಳು. ಏನಂತೀದಿ?"

ಕುಲ್ಸುಮಬಿ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಹೂಂ. ತಗೋರಿ."

"ಏನು?"

"ತಗೋರಿ ಅಂದೆ. ಪ್ಯಾಟ್ಯಾಗ ಎಲ್ಲಾರೂ ನನ್ನ ನೋಡಿ, ಪಾಪ ಸಾಬ್ರನ್ನ ಇಕಿ ಏನೂ ತಗೊಳಾಕ ಬಿಡೂದಿಲ್ಲ ಅಂತಾರ. ಮದಿವಿಗೆ ಹೋದ್ರ ಅಲ್ಲೂ ಅದ ಮಾತು. ಸಾಕಾಗೈತಿ ನನಗ. ಬ್ಯಾಡಾದ್ರ ನೀವ ನಿಮ್ಮ ಬಾಯಿಲೆ ಬ್ಯಾಡ ಅನ್ರಿ."

ಹೊಳಿಯಪ್ಪ ಬೇಲಿಯ ಕಡೆ ತಿರುಗಿ ಕೆಮ್ಮುವ ನೆಪ ಮಾಡಿದ. ಅಬ್ದುಲರಜಾಕನ ಕಿವಿ ಕೆಂಪಾದವು. ಅದಕ್ಕೆ ಮೆಣಸಿನಕಾಯಿಯೂ ಕಾರಣವಿದ್ದೀತು. ಅವನು ಕಾರು ನೋಡಿದ, ರಸ್ತೆ ನೋಡಿದ, ಭರಮಣ್ಣನನ್ನು ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ.

"ನನಗ... ಬ್ಯಾಡ" ಅಂದ ಕೊನೆಗೆ. "ಇಷ್ಟ ರೊಕ್ಕ ಹಾಕಾಕ ಅಂಜಿಕಿ ಆಗತೈತಿ."

ಇಷ್ಟು ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಭರಮಣ್ಣ ಮಾತ್ರ ಸಂತೋಷ ತಡೆಯಲಾರದೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತರಿಸಿಕೊಟ್ಟೇ ಕಳಿಸಿದ. ಮಿರ್ಚಿಯನ್ನು ಯಾರೂ ಮುಟ್ಟಲಿಲ್ಲ.

ಮರಳುವಾಗ ಮೋಟೆಬೆನ್ನೂರಿನಲ್ಲಿ ಹೊಳಿಯಪ್ಪ ಇಳಿದುಹೋದ. ಇಬ್ಬರೇ ಉಳಿದರು. ಜೀಪಿನ ತಗಡು ಗಡಗಡ ಅನ್ನುತ್ತಿತ್ತು. ಕುಲ್ಸುಮಬಿ ಸೊಂಟಕ್ಕೆ ಕೈಕೊಟ್ಟು ಹೊರಗೆ ನೋಡುತ್ತ ಕೂತಿದ್ದಳು.

"ಸಿಟ್ಟ ಬಂದೈತೇನು?"

"ಇಲ್ಲ."

"ಮತ್ತ ಯಾಕ ಸುಮ್ನಿದಿ?"

"ಏನಿಲ್ಲ. ಸೀಟು ಭಾಳ ಛಲೋ ಇತ್ತು." ಸೊಂಟ ನೀವಿಕೊಂಡಳು. "ನಮ್ಮ ಸಕೀನಾನ ಗಂಡನ ಮನಿಗೆ ಹಾವೇರಿಗೆ ಹೋಗಿ ಬಂದ್ರ ಎಂಟ ದಿನ ಸೊಂಟ ಹಿಡಿತೈತಿ ನನಗ. ಈ ಜೀಪಿನ್ಯಾಗ."

ಅಬ್ದುಲರಜಾಕ ಜೀಪು ನಿಲ್ಲಿಸಿದ. ಮದುವೆಯಾದಾಗಿನಿಂದ ಅವಳಿಗೆ ಬೇಡವೇ ಎಂದು ಕೇಳಿದ್ದನೇ ಹೊರತು ಬೇಕೇ ಎಂದು ಎಂದೂ ಕೇಳಿರಲಿಲ್ಲ. ಟೀವಿ, ಫ್ರಿಜ್ಜು ಎಲ್ಲ ಒಂದೊಂದಾಗಿ ನೆನಪಾದವು.

"ಖರೇನ ಬೇಕಾಗಿತ್ತೇನು ನಿನಗ?"

"ಮತ್ತ? ಸುಳ್ಳ ಸುಳ್ಳ ಹೂಂ ಅಂತೇನೇನು?"

ಅವನು ಜೀಪನ್ನು ರಾಣೆಬೆನ್ನೂರಿನ ಕಡೆ ತಿರುಗಿಸಿದ.

ಭರಮಣ್ಣ ಬಾಗಿಲು ತೆರೆದಿಟ್ಟು ಸೀಟಿನ ಮೇಲಿನ ಧೂಳು ಒರೆಸುತ್ತಿದ್ದ. ಇವರನ್ನು ಕಂಡು ಅವನ ಮುಖ ಬಾಡಿತು. ಕೀಲಿ ಕೊಡುವಾಗ ಅವನ ಕಣ್ಣಲ್ಲಿ ನೀರು. "ಇನ್ನೂ ಮೆಣಸಿನಕಾಯಿ ಘಾಟ ಐತ್ರಿ" ಅಂದ. ಅಬ್ದುಲರಜಾಕ, "ಊರಿಗೆ ಬಂದಾಗೆಲ್ಲ ಇದರಾಗ ಕುಂತ ಚಾ ಕುಡದು ಹೋಗ್ರಿ" ಎಂದು ಅವನ ಬೆನ್ನು ಸವರಿದ.

ಆ ಮಳೆಗಾಲದಲ್ಲೇ ಕಂಪನಿ ಮುಚ್ಚಿತು. ಪೇಟೆಯವರು ಪೇಪರು ಹಿಡಿದುಕೊಂಡು ಬಂದು, ಇದಕ್ಕೇನಂತೀರಿ ಅಂದರು. ಸಾಮ್ರಾಟದ ಕಿಟಕಿಗಳು ಕೊನೆಗೂ ದುರಸ್ತಿಯಾಗಲಿಲ್ಲ. ಅಬ್ದುಲರಜಾಕ ಹಿಂದಿನ ಗಾಜುಗಳನ್ನು ತೆಗೆಸಿ, ಕುಲ್ಸುಮಬಿ ಆರಿಸಿದ ಹಸಿರು ಪರದೆ ಹಾಕಿಸಿದ. ತಿಂಗಳಿಗೊಮ್ಮೆ ಅವಳು ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಹಾವೇರಿಗೆ ಮಗಳ ಮನೆಗೆ ಹೋಗತೊಡಗಿದಳು. ಎರಡು ಸಲ ದಾರಿಯಲ್ಲಿ ಗಾಡಿ ಕೆಟ್ಟು ನಿಂತಿತು. ಇಳಿ ಎಂದರೆ ಅವಳು ಇಳಿಯಲಿಲ್ಲ. ದಾರಿಯಲ್ಲಿನ ಅಗಡಿ ಊರಿನ ಹೊಲದವರು ತಳ್ಳಿದರು, ಹಿಂದಿನಿಂದ ಅಬ್ದುಲರಜಾಕನೂ ತಳ್ಳಿದ.