ಎಲ್ಲಿಸ್‌ಗೆ ಕೊಡದ ಮನೆ

ರಮಾನಂದನೆಂಬ ನಾನು ಒಳ್ಳೆಯ ಮನುಷ್ಯ ಎಂದು ಐವತ್ತೆರಡು ವರ್ಷ ಊರೂ ನಂಬಿತ್ತು, ನಾನೂ ನಂಬಿದ್ದೆ. ಆ ನಂಬಿಕೆ ಕಳೆದ ಭಾನುವಾರ ನಮ್ಮ ಊಟದ ಮೇಜಿನ ಮೇಲೆಯೇ ಮಣ್ಣುಪಾಲಾಯಿತು.

ಮಲೇಷ್ಯಾದ ಬಯಾನ್ ಲೆಪಾಸ್‌ನಲ್ಲಿ ನಾವಿರುವ ಕಾಂಡೊ ಕಟ್ಟಡದಲ್ಲೇ, ಎರಡು ಮಹಡಿ ಮೇಲೆ, ನಮ್ಮ ಇನ್ನೊಂದು ಮನೆ ಖಾಲಿ ಬಿದ್ದಿತ್ತು. ಮಗಳು ನಿಹಾರಿಕಾ, ತನ್ನ ಕಾಲೇಜಿಗೆ ಮೂರು ತಿಂಗಳ ಮಟ್ಟಿಗೆ ಪಾಠ ಮಾಡಲು ಬಂದ ಎಲ್ಲಿಸ್ ಎಂಬ ಅಮೆರಿಕದ ಹಿರಿಯರಿಗೆ ಅದನ್ನು ಕೊಡಿಸುತ್ತೇನೆಂದು ಮಾತು ಕೊಟ್ಟು, ಊಟಕ್ಕೂ ಕರೆದಿದ್ದಳು. ಅವರು ಕಪ್ಪು ಜನಾಂಗದವರೆಂದು ನನಗೆ ತಿಳಿದದ್ದು ಬಾಗಿಲು ತೆರೆದಾಗಲೇ.

ವಯಸ್ಸು ಎಂಬತ್ತೊಂದು. ಹರೆಯದಲ್ಲಿ ಸಮಾನ ಹಕ್ಕಿಗಾಗಿ ಮೆರವಣಿಗೆ ಹೋಗಿ ಏಳು ಸಲ ಜೈಲು ಕಂಡವರು. ಆಮೇಲೆ ಅಹಿಂಸೆಯ ದಾರಿ ಬಿಟ್ಟು, ಬಂದೂಕು ಹಿಡಿದವರ ಗುಂಪು ಸೇರಿ, ಹನ್ನೊಂದು ವರ್ಷ ಪರದೇಶಗಳಲ್ಲಿ ತಲೆಮರೆಸಿಕೊಂಡಿದ್ದರಂತೆ. ಇದನ್ನೆಲ್ಲ ಸಾರನ್ನ ಕಲಸುತ್ತಾ, ಮಳೆ ಬೆಳೆಯ ಸುದ್ದಿಯಂತೆ ಹೇಳಿದರು. ನಾನು ತಲೆದೂಗಿದೆ. ಒಳಗೊಳಗೆ ನೆರೆಮನೆಯವರ ಮುಖಗಳೇ ಕಣ್ಣಮುಂದೆ ಬರುತ್ತಿದ್ದವು.

ಹೆಂಡತಿ ರತ್ನಮ್ಮನತ್ತ ತಿರುಗಿ, ಅತಿಥಿಗೆ ಗೊತ್ತಿಲ್ಲದ ಕನ್ನಡದಲ್ಲಿ, ನಗುನಗುತ್ತಲೇ ಹೇಳಿದೆ: "ಇವರಿಗೆ ಕೊಟ್ರೆ ಅಕ್ಕಪಕ್ಕದವರು ಸುಮ್ನಿರ್ತಾರಾ? ಏನಾದ್ರೂ ನೆಪ ಹೇಳಿ ಸಾಗಹಾಕೋಣ."

"ಏನಂದರು ನಿಮ್ಮ ತಂದೆ?" ಎಂದು ಎಲ್ಲಿಸ್ ಮಗಳನ್ನು ಕೇಳಿದರು.

ಅವಳ ಕಿವಿ ಕೆಂಪಾಯಿತು. ಮನೆಯ ಪೈಪು ಸೋರುತ್ತಿದೆಯಂತೆ, ರಿಪೇರಿಗೆ ತುಂಬಾ ದಿನ ಬೇಕಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಆ ಮುಜುಗರ ತಪ್ಪಿಸಲು ನಾನು, ದೊಡ್ಡ ಮನುಷ್ಯನಂತೆ, ಅಹಿಂಸೆ ಯಾಕೆ ಬಿಟ್ಟಿರಿ, ಪೊಲೀಸರ ಏಟಿಗೋ ಎಂದು ಕೇಳಿದೆ.

"ಏಟು ತಡೆದುಕೊಂಡೆ," ಎಂದರು. "ನನ್ನ ಕೈ ಹಿಡಿದು, ಹಾಡುತ್ತಾ ಜೊತೆಗೆ ನಡೆದ ಬಿಳಿಯ ಗೆಳೆಯನೊಬ್ಬನಿದ್ದ. ಅವನ ಮನೆಯ ಮಹಡಿ ಕೋಣೆ ಬಾಡಿಗೆಗೆ ಕೇಳಿದೆ. ತನ್ನದೇನೂ ಅಭ್ಯಂತರವಿಲ್ಲ, ನೆರೆಯವರು ಒಪ್ಪುವುದಿಲ್ಲ ಎಂದ. ಅವತ್ತು ಬಿಟ್ಟೆ."

ನಾಚಿಕೆಯಿಂದ ಕುಗ್ಗಿಹೋದೆ. ಮೇಲಿನ ಮನೆಯ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟಿದ್ದರೆ ಮುಗಿಯುತ್ತಿತ್ತು. ಅದರ ಬದಲು, ಇನ್ನೂ ಸ್ವಲ್ಪ ಸಾರು ಹಾಕಿಸಿಕೊಳ್ಳಿ ಎಂದೆ.

ಅವರು ಸಾಕೆಂದು ಎದ್ದರು. ರತ್ನಮ್ಮನಿಗೆ ಕೈಮುಗಿದರು, ನನಗೂ ಮುಗಿದರು. ನಿಹಾರಿಕಾ ಲಿಫ್ಟಿನವರೆಗೆ ಹೋಗಿ ಬಿಟ್ಟು ಬಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅವತ್ತು ನನ್ನೆದುರು ನಿಂತು, ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು:

"ಅಪ್ಪಾ, ಇನ್ನೊಂದ್ಸಲ ಸುಳ್ಳು ಹೇಳ್ಬೇಕಾದ್ರೆ ನೀವೇ ಹೇಳಿ. ನಿಮಗೋಸ್ಕರ ನಾನು ಹೇಳಲ್ಲ."